ಸದಸ್ಯನಲ್ಲದ ಸದಸ್ಯತ್ವ ಕಾರ್ಯದರ್ಶಿ

ಬೆಳಗಿನ ನಡಿಗೆದಾರರ ಸಂಘದಲ್ಲಿ ನೂರಾ ನಲವತ್ತೆರಡು ಸದಸ್ಯರಿದ್ದರು. ಅವರಲ್ಲಿ ನಡೆಯುವವರು ಹನ್ನೊಂದು ಮಂದಿ. ಉಳಿದವರು ಪಾರ್ಕಿನ ಮೂಲೆಯಲ್ಲಿದ್ದ ಸಂಘದ ಕೋಣೆಯಲ್ಲಿ ಕೂತು, ನಡೆಯುವ ಹನ್ನೊಂದು ಮಂದಿಯನ್ನು ಕಿಟಕಿಯಿಂದ ನೋಡುತ್ತ, ಅವರ ಮಂಡಿಗಳ ಭವಿಷ್ಯದ ಬಗ್ಗೆ ಮರುಕಪಡುತ್ತಿದ್ದರು.

ಕೋಣೆ ದೊಡ್ಡದೇನಲ್ಲ. ಎರಡು ಬೆಂಚು, ಆರು ಕುರ್ಚಿ, ಒಂದು ಫ್ಯಾನು, ಒಂದು ತೂಕದ ಯಂತ್ರ. ಯಾರು ಹತ್ತಿ ನಿಂತರೂ ಯಂತ್ರ ನಾಲ್ಕು ಕಿಲೋ ಕಡಿಮೆ ತೋರಿಸುತ್ತಿತ್ತು. ಅದನ್ನು ರಿಪೇರಿ ಮಾಡಿಸಬೇಕೆಂಬ ಠರಾವನ್ನು ಸಂಘ ಪ್ರತಿ ವರ್ಷವೂ ಭಾರಿ ಬಹುಮತದಿಂದ ತಿರಸ್ಕರಿಸುತ್ತಿತ್ತು. ಕೋಣೆ ನಗರಸಭೆಯದು. ವರ್ಷಕ್ಕೊಮ್ಮೆ ಕನಿಷ್ಠ ನಲವತ್ತು ಜನ ಅಧಿಕೃತ ಸದಸ್ಯರ ಪಟ್ಟಿ ಕೊಟ್ಟರೆ ಇನ್ನೊಂದು ವರ್ಷ ಸಂಘದ್ದು. ಕೊಡದಿದ್ದರೆ ನಗರಸಭೆಗೆ ವಾಪಸ್ಸು. ಷರತ್ತು ಇಷ್ಟೇ.

ಈ ಸದಸ್ಯರ ಕಾರ್ಡುಗಳನ್ನು ವರ್ಷ ವರ್ಷ ನವೀಕರಿಸುವ ಮಹತ್ಕಾರ್ಯ ನಮ್ಮ ಸೀಲಪ್ಪನದು. ಅದು ಹೆತ್ತವರು ಇಟ್ಟ ಹೆಸರಲ್ಲ. ಸಂಘದ ರಬ್ಬರ್ ಸೀಲನ್ನು ಅವನು ಅಂಗಿಯ ಜೇಬಿನಲ್ಲಿ, ಎದೆಗೆ ಒತ್ತಿಕೊಂಡೇ ಓಡಾಡುತ್ತಿದ್ದುದರಿಂದ ಬಂದದ್ದು. ಅವನ ಎಲ್ಲ ಅಂಗಿಗಳ ಎಡಗಡೆ ಜೇಬಿನ ಮೇಲೂ ನೇರಳೆ ಬಣ್ಣದಲ್ಲಿ 'ನವೀಕರಿಸಲಾಗಿದೆ' ಎಂದು ತಿರುವುಮುರುವಾಗಿ ಮೂಡಿರುತ್ತಿತ್ತು.

ಸೀಲಪ್ಪನ ಉದ್ಯೋಗ ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುವುದು. ಹತ್ತರಿಂದ ಆರರವರೆಗೆ ಅವನು ಬೇರೆಯವರ ತಪ್ಪುಗಳನ್ನು ಹುಡುಕುತ್ತಿದ್ದ. ಆರರ ನಂತರ ಅವನ ತಪ್ಪುಗಳನ್ನು ಹುಡುಕಲು ಮನೆಯಲ್ಲಿ ಮಾವನವರಿದ್ದರು. ಹೆಂಡತಿ ತಂದೆಯ ಒಬ್ಬಳೇ ಮಗಳಾದ್ದರಿಂದ ಸೀಲಪ್ಪ ಮಾವನ ಮನೆಯಲ್ಲೇ ಇಪ್ಪತ್ತಮೂರು ವರ್ಷದಿಂದ ಬೀಡುಬಿಟ್ಟಿದ್ದ. ಹೀಗಾಗಿ ಇಡೀ ದಿನದಲ್ಲಿ ಅವನು ತನ್ನ ಸ್ವಂತ ಲೆಕ್ಕದಲ್ಲಿ ಒಬ್ಬ ಮನುಷ್ಯನಾಗಿ ಬದುಕುತ್ತಿದ್ದುದು ಬೆಳಿಗ್ಗೆ ಆರರಿಂದ ಎಂಟರವರೆಗೆ, ಆ ಕೋಣೆಯಲ್ಲಿ, ಆ ಸೀಲಿನೊಂದಿಗೆ.

ಸಂಘದ ನಿಯಮಾವಳಿ ಎಂಬ ಹಸಿರು ರಟ್ಟಿನ ಪುಸ್ತಕವನ್ನು ಪೂರ್ತಿ ಓದಿದವನು ಆ ಕೋಣೆಗೆ ಬರುವವರಲ್ಲಿ ಸೀಲಪ್ಪ ಒಬ್ಬನೇ. ಸೀಲು ಸದಸ್ಯತ್ವ ಕಾರ್ಯದರ್ಶಿಯ ಬಳಿಯೇ ಇರತಕ್ಕದ್ದು, ಬೇರೆ ಯಾರೂ ಮುಟ್ಟತಕ್ಕದ್ದಲ್ಲ ಎಂದು ಆರನೇ ನಿಯಮ. ಯಾರೂ ತಮ್ಮ ಕಾರ್ಡಿಗೆ ತಾವೇ ಸೀಲು ಹಾಕಿಕೊಳ್ಳತಕ್ಕದ್ದಲ್ಲ ಎಂದು ಏಳನೇ ನಿಯಮ. ಈ ಎರಡರ ನಡುವೆ ಒಬ್ಬ ಮನುಷ್ಯ ಸಿಕ್ಕಿಹಾಕಿಕೊಳ್ಳಬಹುದೆಂದು ನಿಯಮ ಬರೆದವರಿಗೆ ಹೊಳೆದಿರಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ಬಾಗಿಲು ಮುಂದೆ ಮಾಡಿಕೊಂಡು ತಮ್ಮ ಕಾರ್ಡಿಗೂ ಟಪ್ಪೆಂದು ಒಂದು ಸೀಲು ಒತ್ತಿ ಕೈತೊಳೆದುಕೊಳ್ಳುತ್ತಿದ್ದರು. ಸೀಲಪ್ಪ ಒತ್ತಲಿಲ್ಲ. ಈ ಸಮಸ್ಯೆಯನ್ನು ವಾರ್ಷಿಕ ಸಭೆಯ ಮುಂದಿಡಬೇಕೆಂದು ಕಾರ್ಯದರ್ಶಿಯಾದ ಮೂರು ವರ್ಷದಲ್ಲಿ ಮೂರು ಸಲ ಎದ್ದುನಿಂತ. ಮೂರು ಸಲವೂ ಅವನು ವಂದನಾರ್ಪಣೆಗೆ ಎದ್ದನೆಂದು ತಿಳಿದ ಸದಸ್ಯರು ಚಪ್ಪಾಳೆ ತಟ್ಟಿ ಮನೆಗೆ ಹೋಗಿದ್ದರು.

ಹೀಗೆ ನಡೆದುಕೊಂಡು ಹೋಗುತ್ತಿತ್ತು. ಕೆಟ್ಟದ್ದು ಅವನ ಕೈಬರಹದ ದೆಸೆಯಿಂದ.

ಹಿಂದಿನ ವರ್ಷಗಳಲ್ಲೆಲ್ಲ ಪಟ್ಟಿಯನ್ನು ಯಾರೋ ಗೀಚಿ ಯಾರೋ ಕೊಟ್ಟು ಬರುತ್ತಿದ್ದರು. ಈ ವರ್ಷ ಸೀಲಪ್ಪ ದಪ್ಪ ಕಾಗದ ತಂದು, ಅಂಚು ಬಿಟ್ಟು, ಎರಡು ಬಣ್ಣದ ಶಾಯಿಯಲ್ಲಿ, ಅಕಾರಾದಿಯಾಗಿ ಬರೆದ. ಕೊನೆಯಲ್ಲಿ ಅಧ್ಯಕ್ಷರ ಸಹಿಗಿಂತ ಒಂದು ಬೆರಳು ದೊಡ್ಡದಾಗಿ 'ಸದಸ್ಯತ್ವ ಕಾರ್ಯದರ್ಶಿ' ಎಂದು ಬರೆದುಕೊಂಡು, ಬುಧವಾರ ಪ್ರೆಸ್ಸಿಗೆ ಅರ್ಧ ದಿನ ರಜೆ ಹಾಕಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು ನಗರಸಭೆಯ ಕಟ್ಟಡ ವಿಭಾಗಕ್ಕೆ ಹೋದ.

ಅಲ್ಲಿನ ಮೇಡಂ ಪಟ್ಟಿಯನ್ನು ಕೈಗೆ ತೆಗೆದುಕೊಂಡವರು ಕೆಳಗಿಡಲಿಲ್ಲ.

"ಇದನ್ನ ಬರೆದೋರು ಯಾರು?"

"ನಾನೇ ಮೇಡಂ," ಎಂದು ಸೀಲಪ್ಪ ತಲೆ ತಗ್ಗಿಸಿದ. ಹೊಗಳಿಸಿಕೊಳ್ಳುವವರು ನಿಲ್ಲುವ ಭಂಗಿ ಅದು.

"ಹನ್ನೆರಡು ವರ್ಷ ಆಯ್ತು ಈ ಸೀಟಿಗೆ ಬಂದು. ಒಂದು ಪಟ್ಟೀನೂ ನಾನು ಓದಿಲ್ಲ, ಸುಮ್ನೆ ಫೈಲಿಗೆ ಹಾಕ್ತಿದ್ದೆ. ಇದು ಇಷ್ಟು ಚೆಂದ ಇದೆ ಅಂತ ಓದಿದೆ ನೋಡಿ. ನಿಮ್ಮ ಹೆಸರು ಎಷ್ಟನೇದು? ಒಂದು ಟಿಕ್ ಹಾಕಿಡೋಣ ಅಂತ."

ಸೀಲಪ್ಪ ತನ್ನ ಹೆಸರು ಹೇಳಿದ. ಮೇಡಂ ಅಕಾರಾದಿಯಲ್ಲಿ ಹುಡುಕಿದರು. ಒಮ್ಮೆ ಮೇಲಿಂದ ಕೆಳಗೆ, ಒಮ್ಮೆ ಕೆಳಗಿಂದ ಮೇಲೆ.

"ಇಲ್ವಲ್ಲ?"

ಇಲ್ಲಿ ಸೀಲಪ್ಪ "ಬಿಟ್ಟುಹೋಗಿದೆ ಮೇಡಂ, ಸೇರಿಸ್ತೀನಿ" ಎಂದಿದ್ದರೆ ಈ ಕಥೆ ಇರುತ್ತಿರಲಿಲ್ಲ. ಅವನು ಆರನೇ ನಿಯಮದಿಂದ ಆರಂಭಿಸಿ ಎಲ್ಲವನ್ನೂ ಹೇಳಿದ. ಮೂರು ವರ್ಷ, ಮೂರು ಸಭೆ, ಮೂರು ಚಪ್ಪಾಳೆ. ಮೇಡಂ ತಡೆಯಲಿಲ್ಲ. ಪೆನ್ನಿನ ಮುಚ್ಚಳ ತೆಗೆದು, ಹಸಿರು ಪುಸ್ತಕದ ನಗರಸಭೆಯ ಪ್ರತಿಯನ್ನು ಬೀರುವಿನಿಂದ ತರಿಸಿಕೊಂಡು, ಅವನು ಹೇಳಿದ್ದನ್ನೆಲ್ಲ ಬರೆದುಕೊಂಡರು.

"ಹಾಗಾದ್ರೆ," ಎಂದರು ನಿಧಾನವಾಗಿ, "ಮೊದಲನೇ ವರ್ಷ ನೀವು ಸೀಲು ಹಾಕುವಾಗ ಸದಸ್ಯರಾಗಿದ್ರಿ. ಅದು ಸರಿ. ಆಮೇಲೆ ನಿಮ್ಮ ಕಾರ್ಡು ನವೀಕರಣ ಆಗ್ಲಿಲ್ಲ. ಎರಡನೇ ವರ್ಷ ಸೀಲು ಹಾಕಿದಾಗ ನೀವು ಸದಸ್ಯರಲ್ಲ."

"ಅಲ್ಲ ಮೇಡಂ."

"ಸದಸ್ಯರಲ್ಲದೋರು ಹಾಕಿದ ಸೀಲು ಊರ್ಜಿತ ಅಲ್ಲ ಅಂತ ಎಂಟನೇ ನಿಯಮ ಇದೆ."

"ಇದೆ ಮೇಡಂ. ಒಳ್ಳೇ ನಿಯಮ."

"ಅಂದ್ರೆ ಈ ನೂರಾ ನಲವತ್ತೆರಡು ಜನಾನೂ ಎರಡು ವರ್ಷದಿಂದ ಸದಸ್ಯರಲ್ಲ."

ಸೀಲಪ್ಪ ಪಟ್ಟಿಯನ್ನು ತನ್ನ ಕಡೆಗೆ ತಿರುಗಿಸಿಕೊಂಡು ಮೊದಲಿಂದ ಓದತೊಡಗಿದ. ಗೋಡೆಯ ಮೇಲಿನ ಫ್ಯಾನು ಆ ಕಡೆ ತಿರುಗಿ ಈ ಕಡೆ ಬಂದಿತು.

"ನಾನು ಕೇಳಿದ್ದು ಒಂದೇ ಪ್ರಶ್ನೆ," ಎಂದರು ಮೇಡಂ, ಪಾಪವೆನಿಸಿ. "ನೀವು ಮೂರು ವರ್ಷದ ಉತ್ತರ ಕೊಟ್ರಿ. ಈಗ ಬರೆದುಕೊಂಡು ಆಯ್ತು, ಏನು ಮಾಡ್ಲಿ? ಶುಕ್ರವಾರ ಸಂಜೆ ಐದಕ್ಕೆ ಕೊನೇ ಗಡುವು. ನಲವತ್ತು ಜನ ಅಧಿಕೃತ ಸದಸ್ಯರನ್ನ ತೋರಿಸಿ. ಇಲ್ಲ ಅಂದ್ರೆ ಆ ಕೋಣೆ ಹುಲ್ಲು ಕತ್ತರಿಸೋ ಯಂತ್ರಕ್ಕೆ ಹೋಗುತ್ತೆ. ಪಾಪ, ಅದು ಎರಡು ವರ್ಷದಿಂದ ಬಿಸಿಲಲ್ಲಿ ನಿಂತು ಅರ್ಜಿ ಹಾಕ್ಕೊಂಡಿದೆ."

ಯಂತ್ರದ ಪರವಾಗಿ ಅರ್ಜಿ ಹಾಕಿದ್ದು ತೋಟಗಾರಿಕೆ ವಿಭಾಗ. ಆದರೆ ಆ ಹೊತ್ತಿನಲ್ಲಿ ಸೀಲಪ್ಪನ ಕಣ್ಣಿಗೆ ಯಂತ್ರವೇ ಬಂದು ತನ್ನ ಕುರ್ಚಿಯಲ್ಲಿ ಕೂತಂತೆ ಕಂಡಿತು.

ಅಂದೇ ಸಂಜೆ ಕೋಣೆಯಲ್ಲಿ ತುರ್ತು ಸಭೆ. ಅಧ್ಯಕ್ಷರು ಊರಿನ ಹೆಸರಾಂತ ಹಲ್ಲಿನ ಡಾಕ್ಟರು. ಎದುರಿನವರು ಬಾಯಿ ತೆರೆದಿದ್ದರೂ ಉತ್ತರ ಕೊಡಲಾಗದ ಸ್ಥಿತಿಯಲ್ಲೇ ಮಾತಾಡಿ ಅಭ್ಯಾಸವಾದವರು. ಅವತ್ತು ಮೊದಲ ಬಾರಿಗೆ ಅವರ ಬಾಯೇ ತೆರೆದುಕೊಂಡಿತು.

"ನಾನು ಅಧ್ಯಕ್ಷ ಅಲ್ವಾ?"

"ಅಧ್ಯಕ್ಷರು ಸದಸ್ಯರಾಗಿರತಕ್ಕದ್ದು ಅಂತ ಇದೆ, ಡಾಕ್ಟ್ರೇ," ಎಂದ ಸೀಲಪ್ಪ ಪುಸ್ತಕ ತೋರಿಸುತ್ತ. "ಹಾಗೆ ನೋಡಿದ್ರೆ ಈ ಸಭೆ ಕರೆಯೋ ಅಧಿಕಾರವೂ ನಿಮಗಿಲ್ಲ."

"ಅಂದ್ರೆ ಎರಡು ವರ್ಷದಿಂದ ನಾನು ಇಲ್ಲಿ ದಿನಾ ನಡೆದದ್ದು?" ಎಂದು ದರ್ಜಿ ಎದ್ದುನಿಂತ.

"ಸಾರ್ವಜನಿಕರಾಗಿ ನಡೆದಿದ್ದೀರಿ."

"ಸಾರ್ವಜನಿಕನಾಗಿ ನಡೆಯೋದಕ್ಕೆ ನಾನ್ಯಾಕೆ ಐದು ಗಂಟೆಗೆ ಏಳ್ಬೇಕಿತ್ತು ಕಣಯ್ಯಾ?"

"ನೀವು ನಡೆದದ್ದು ಯಾವಾಗ, ದರ್ಜಿಯವರೇ? ನಾನಂತೂ ಈ ಬೆಂಚಿನ ಮೇಲೆ ಬಿಟ್ಟು ಬೇರೆಲ್ಲೂ ನಿಮ್ಮನ್ನ ನೋಡಿಲ್ಲ," ಎಂದರು ನಿವೃತ್ತ ಮುಖ್ಯೋಪಾಧ್ಯಾಯಿನಿ. ಸಂಘದಲ್ಲಿ ಅವರನ್ನು ಎಲ್ಲರೂ ದೊಡ್ಡ ಟೀಚರ್ ಎನ್ನುತ್ತಿದ್ದರು. ಅವರ ತಲೆ ಆಗಲೇ ಬೇರೆ ದಿಕ್ಕಿನಲ್ಲಿ ಓಡುತ್ತಿತ್ತು. "ಒಂದ್ನಿಮಿಷ. ಹೋದ ವರ್ಷ ಕಿಟಕಿ ಪಕ್ಕದ ಕುರ್ಚಿ ನನಗೆ ಕೊಡೋದು ಬೇಡ ಅಂತ ಓಟು ಹಾಕಿ ಕಿತ್ಕೊಂಡ್ರಲ್ಲ, ಆ ಓಟು ಹಾಕಿದೋರು ಯಾರೂ ಸದಸ್ಯರೇ ಅಲ್ಲ! ಆ ಕುರ್ಚಿ ಈಗ್ಲೂ ನಂದೇ!"

ಇಷ್ಟು ಹೇಳಿದ್ದೇ ತಡ, ಎರಡು ವರ್ಷದಲ್ಲಿ ಸೋತವರೆಲ್ಲ ಒಟ್ಟಿಗೆ ಎದ್ದರು. ಫ್ಯಾನಿನ ವೇಗ ಎರಡಕ್ಕೇ ಇರಬೇಕೆಂಬ ಠರಾವು ಬಿದ್ದುಹೋಯಿತು. ಪೇಪರಿನ ಪದಬಂಧವನ್ನು ಎಂಟು ಗಂಟೆಗೆ ಮೊದಲು ತುಂಬಬಾರದೆಂಬ ಠರಾವೂ ಬಿದ್ದುಹೋಯಿತು. ಬೇಕರಿಯವರು ತೂಕದ ಯಂತ್ರದ ವಿಷಯ ಎತ್ತಲು ಹೋದಾಗ ಮಾತ್ರ ಎಲ್ಲರೂ ಸೇರಿ ಅವರನ್ನು ಕೂರಿಸಿದರು. ಸಂಘ ಇಲ್ಲದಾಗಿಯೂ ಸಂಘದಲ್ಲಿ ಅಷ್ಟು ಒಗ್ಗಟ್ಟಿತ್ತು.

"ಸುಮ್ನಿರ್ರೀ ಎಲ್ಲಾ," ಎಂದರು ಡಾಕ್ಟರು. "ಊರ್ಜಿತ ಇರೋ ಒಬ್ಬ ಸದಸ್ಯ ಸಿಕ್ಕಿದ್ರೂ ಸಾಕು. ಅವನಿಂದ ಎಲ್ರೂ ಹೊಸದಾಗಿ ಸೇರ್ಕೋಬಹುದು. ನವೀಕರಣವೇ ಬೇಕಿಲ್ದೋರು ಇರ್ತಾರಲ್ಲ, ಆಜೀವ ಸದಸ್ಯರು? ನೋಡು ಸೀಲಪ್ಪ."

ಸೀಲಪ್ಪ ನೋಡಲಿಲ್ಲ. ಅವನಿಗೆ ಗೊತ್ತಿತ್ತು.

"ಐವರು ಇದ್ರು. ನಾಲ್ವರು... ನವೀಕರಣದ ಆಚೆ ಹೋಗಿಬಿಟ್ರು."

"ಐದನೆಯವರು?"

ಸೀಲಪ್ಪ ಜೇಬಿನ ಸೀಲನ್ನು ಮುಟ್ಟಿಕೊಂಡ. "ನಮ್ಮ ಮಾವ."

ಡಾಕ್ಟರು ಮೆಲ್ಲನೆ ಕುಳಿತರು, ಹಲ್ಲು ಕೀಳಿಸಿಕೊಳ್ಳಲು ಬಂದವರು ಕುಳಿತುಕೊಳ್ಳುವ ಹಾಗೆ.

ಸೀಲಪ್ಪನ ಮಾವ ನಿವೃತ್ತ ಭೂಮಾಪಕರು. ಸಂಘ ಕಟ್ಟಿದವರೂ ಅವರೇ, ಹಸಿರು ಪುಸ್ತಕ ಬರೆದವರೂ ಅವರೇ, ಅಳಿಯನನ್ನು ಕೈಹಿಡಿದು ಸಂಘಕ್ಕೆ ಸೇರಿಸಿದವರೂ ಅವರೇ. ಒಂಬತ್ತು ವರ್ಷದ ಹಿಂದೆ ಒಂದು ಬೆಳಿಗ್ಗೆ ಅವರಿಗೆ ಅನುಮಾನ ಬಂದು ಪಾರ್ಕಿನ ದಾರಿಯನ್ನು ಸರಪಳಿ ಹಿಡಿದು ಅಳೆದರು. 'ಒಂದು ಸುತ್ತು ಅರ್ಧ ಕಿಲೋಮೀಟರು' ಎಂದು ಬೋರ್ಡು ಇತ್ತು. ಇದ್ದದ್ದು ಮುನ್ನೂರ ಎಂಬತ್ತೆಂಟು ಮೀಟರು. ಬೋರ್ಡು ತಿದ್ದಿ ಎಂದರು. ಸಂಘ ಒಪ್ಪಲಿಲ್ಲ. "ಹತ್ತು ಸುತ್ತಿಗೆ ಐದು ಕಿಲೋಮೀಟರು ಅಂತ ಜನ ಮನೇಲಿ ಹೇಳ್ಕೊಂಡಿದಾರೆ ಸಾರ್. ಅವರ ಒಂದು ಕಿಲೋಮೀಟರ್ ಚಿಲ್ಲರೆ ಕಿತ್ಕೊಂಡ್ರೆ ನಿಮಗೇನು ಸಿಗುತ್ತೆ?" ಎಂದರು ಆಗಿನ್ನೂ ಹೊಸದಾಗಿ ಅಧ್ಯಕ್ಷರಾಗಿದ್ದ ಹಲ್ಲಿನ ಡಾಕ್ಟರು. ಮಾವ ಸರಪಳಿ ಸುತ್ತಿಕೊಂಡು ಮನೆಗೆ ಹೋದರು. ಮತ್ತೆ ಬರಲಿಲ್ಲ.

ಅಳಿಯ ಮಾತ್ರ ಹೋಗುವುದನ್ನು ಬಿಡಲಿಲ್ಲ. ಬೆಳಿಗ್ಗೆ ಐದೂಮುಕ್ಕಾಲಿಗೆ ಸೀಲಪ್ಪ ಕ್ಯಾನ್ವಾಸ್ ಶೂಗಳನ್ನು ಕೈಯಲ್ಲಿ ಹಿಡಿದು, ಬರಿಗಾಲಲ್ಲಿ ಹಜಾರ ದಾಟಿ, ಗೇಟಿನಾಚೆ ನಿಂತು ಹಾಕಿಕೊಳ್ಳುತ್ತಿದ್ದ. ಮಾವ ಕಿಟಕಿಯ ಪರದೆ ಸರಿಸಿ ನೋಡುತ್ತಿದ್ದರು. ಅವರು ನೋಡುತ್ತಾರೆಂದು ಅವನಿಗೆ ಗೊತ್ತಿತ್ತು. ಅವನಿಗೆ ಗೊತ್ತೆಂದು ಅವರಿಗೂ ಗೊತ್ತಿತ್ತು. ಒಂಬತ್ತು ವರ್ಷ ಆ ಮನೆಯಲ್ಲಿ ಸಂಘ ಎಂಬ ಶಬ್ದ ಯಾರ ಬಾಯಿಂದಲೂ ಹೊರಬಿದ್ದಿರಲಿಲ್ಲ. ಅಂದಿನಿಂದ ಮಾವನವರು ಅಳಿಯನನ್ನು ಬಹುವಚನದಲ್ಲಿ ಮಾತಾಡಿಸತೊಡಗಿದ್ದರು. ಗೌರವ ಹೆಚ್ಚಾದದ್ದರಿಂದಲ್ಲ.

ಗುರುವಾರ ಬೆಳಿಗ್ಗೆ ಮುಂಬಾಗಿಲಲ್ಲಿ ಮೂವತ್ತು ಜೋಡಿ ಚಪ್ಪಲಿ ಕಂಡು ಸೀಲಪ್ಪನ ಹೆಂಡತಿ ಗಾಬರಿಯಾದಳು.

"ರೀ, ಯಾರಿಗೇನಾಯ್ತು?"

"ಎಲ್ರಿಗೂ ಆಗಿದೆ ಕಣೇ," ಎಂದ ಸೀಲಪ್ಪ.

ಮಾವ ತಮ್ಮ ಕೋಣೆಯಲ್ಲಿ ಮೇಜಿನ ಮುಂದೆ ಕೂತಿದ್ದರು. ಡಾಕ್ಟರು ವಿಷಯವನ್ನು ನಿವೇದಿಸಿಕೊಂಡರು. ಮಾವ ಕೊನೆಯವರೆಗೂ ಕೇಳಿ, ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡರು.

"ಅಂದ್ರೆ ಈಗ ಸಂಘ ಅಂದ್ರೆ ನಾನು."

"ಹೌದು ಸಾರ್."

"ನಾನೊಬ್ನೇ."

"ನೀವೊಬ್ರೇ ಸಾರ್."

ಅವರ ಮುಖದಲ್ಲಿ ಹರಡಿದ ಬೆಳಕನ್ನು ಮಗಳು ತನ್ನ ಮದುವೆಯ ದಿನವೂ ಕಂಡಿರಲಿಲ್ಲ. ಅವರು ಒಂದು ಹೊಸ ನೋಟುಪುಸ್ತಕ ತೆಗೆದರು. ಜೋರಾಗಿ ಓದುತ್ತ ಬರೆದರು: "ಸರ್ವಸದಸ್ಯರ ವಿಶೇಷ ಸಭೆ. ಹಾಜರಿ, ಒಬ್ಬರು. ಗೈರುಹಾಜರಿ, ಯಾರೂ ಇಲ್ಲ. ಕೋರಂ ಪೂರ್ಣ. ಅಧ್ಯಕ್ಷ ಸ್ಥಾನಕ್ಕೆ ನನ್ನ ಹೆಸರನ್ನು ನಾನು ಸೂಚಿಸುತ್ತೇನೆ." ತಲೆಯೆತ್ತಿದರು. "ಯಾರದಾದರೂ ವಿರೋಧ ಇದೆಯಾ?"

ದರ್ಜಿ ಏನೋ ಹೇಳಲು ಬಾಯಿ ತೆರೆದ. ದೊಡ್ಡ ಟೀಚರ್ ಅವನ ಕಾಲು ತುಳಿದರು.

"ಅವಿರೋಧ," ಎಂದು ಬರೆದುಕೊಂಡ ಮಾವ ಕೈ ಚಾಚಿದರು. "ಸೀಲು."

ಸೀಲಪ್ಪ ಜೇಬಿನಿಂದ ಸೀಲು ತೆಗೆದು ಕೊಟ್ಟ. ಜೇಬು ಬರಿದಾಗಿ ಎದೆಯ ಆ ಭಾಗಕ್ಕೆ ಒಂದು ಥರ ಚಳಿಯಾಯಿತು.

"ಹೊಸ ಸದಸ್ಯರನ್ನ ಸೂಚಿಸೋರು ಕನಿಷ್ಠ ಒಂದು ವರ್ಷ ಸದಸ್ಯರಾಗಿರ್ಬೇಕು. ಹಾಗಾಗಿ ಎಲ್ರ ಫಾರಂಗೂ ನನ್ನ ಸಹಿಯೇ ಆಗ್ಬೇಕು," ಎಂದರು ಮಾವ. "ನಾನು ಕಣ್ಣಲ್ಲಿ ನೋಡ್ದೇ ಇದ್ದದ್ದಕ್ಕೆ ಇವತ್ತಿನವರೆಗೂ ಸಹಿ ಹಾಕಿಲ್ಲ. ನಡಿಗೆದಾರರ ಸಂಘ ಅಲ್ವಾ? ಒಬ್ಬೊಬ್ರೂ ನನ್ನೆದುರು ಒಂದು ಸುತ್ತು ನಡೆದು ತೋರಿಸಿ. ಆಮೇಲೆ ಸಹಿ."

"ನಡೀಬೇಕಾ?" ಎಂದು ಡಾಕ್ಟರು ಬೆಚ್ಚಿದರು.

"ಮುನ್ನೂರ ಎಂಬತ್ತೆಂಟು ಮೀಟರು, ಡಾಕ್ಟ್ರೇ. ಅಥವಾ ನಿಮ್ಮ ಲೆಕ್ಕದಲ್ಲಿ ಎಷ್ಟು?"

ಡಾಕ್ಟರು ಒಂದು ಕ್ಷಣ ಹಲ್ಲು ಕಚ್ಚಿದರು. ಕೋಣೆ, ಬೆಂಚು, ಫ್ಯಾನು ಎಲ್ಲ ಅವರ ಕಣ್ಮುಂದೆ ಹಾದುಹೋಗಿರಬೇಕು. "ಮುನ್ನೂರ ಎಂಬತ್ತೆಂಟು," ಎಂದರು.

"ಜೋರಾಗಿ. ಹಿಂದಿನವರಿಗೆ ಕೇಳಿಸ್ಲಿಲ್ಲ."

"ಮುನ್ನೂರ ಎಂಬತ್ತೆಂಟು ಸಾರ್!"

ಸಂಘ ಹುಟ್ಟಿದ ಮೇಲೆ ಮೊದಲ ಬಾರಿಗೆ ಆ ಹನ್ನೊಂದು ಮಂದಿಯಲ್ಲದ ಸದಸ್ಯರೂ ನಡೆದರು. ಮಾವ ಪಾರ್ಕಿನ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು ಕೂತರು. ಮೂವರು ಮೂವರನ್ನು ಬಿಟ್ಟರು. ಯಾರೂ ಹುಲ್ಲಿನ ಮೇಲೆ ಅಡ್ಡ ಹಾಯ್ದು ಬರಬಾರದೆಂದು ಪ್ರತಿ ತಂಡದ ಜೊತೆಗೂ ಸೀಲಪ್ಪನನ್ನು ಕಾವಲಿಗೆ ಕಳಿಸಿದರು. ದರ್ಜಿ ಅರ್ಧ ದಾರಿಯಲ್ಲಿ ಒಂದು ಮರ ತಬ್ಬಿ ನಿಂತು, "ಇಲ್ಲೊಂದು ಮರ ಇದೆ ಅಂತ್ಲೇ ನನಗೆ ಗೊತ್ತಿರ್ಲಿಲ್ಲ," ಎಂದ. ಬೇಕರಿಯವರು ಸುತ್ತು ಮುಗಿಸಿ ಯಾರಿಗೂ ಹೇಳದೆ ತೂಕ ನೋಡಿಕೊಂಡು ಬಂದರು. ಡಾಕ್ಟರನ್ನು ಅವರದೇ ಪೇಶಂಟು ಒಬ್ಬ ಕೈಹಿಡಿದು ನಡೆಸುತ್ತ, "ಇನ್ನೊಂದೇ ನಿಮಿಷ ಡಾಕ್ಟ್ರೇ, ನೋವಾಗಲ್ಲ, ನೋವಾಗಲ್ಲ," ಎಂದು ಸೇಡು ತೀರಿಸಿಕೊಂಡ. ನೂರಕ್ಕೂ ಹೆಚ್ಚು ಜನ ಸುದ್ದಿ ಕೇಳಿದೊಡನೆ ಮಂಡಿನೋವು, ಮದುವೆ, ಪ್ರಯಾಣ ಇತ್ಯಾದಿ ಕಾರಣ ಹೇಳಿ ಕಳಿಸಿದರು. ಗುರುವಾರ ಸಂಜೆಯ ಹೊತ್ತಿಗೆ ಸಹಿಯಾದದ್ದು ಇಪ್ಪತ್ತೆರಡು ಫಾರಂ.

ಅಂದು ಊಟದ ಮೇಜಿನಲ್ಲಿ ಸೀಲಪ್ಪ ಕಾಲು ಚಾಚಿ ಕೂತಿದ್ದ. ಮಾವ ಎದುರಿಗಿದ್ದರು.

"ಅಪ್ಪಾ, ಸಾಕು ನಿಮ್ಮ ಆಟ," ಎಂದಳು ಹೆಂಡತಿ. "ಇವರ ಪಾದ ನೋಡಿ, ಬೋಂಡದ ಹಾಗೆ ಊದಿದೆ. ನಾಳೆ ಉಳಿದೋರಿಗೆಲ್ಲ ಸುಮ್ನೆ ಸಹಿ ಹಾಕಿಬಿಡಿ."

"ನೀನೂ ಒಂದು ಫಾರಂ ತುಂಬು. ಸಂಖ್ಯೆಯಾದ್ರೂ ಆಗುತ್ತೆ."

"ನನಗ್ಯಾಕೆ? ಅಡುಗೆಮನೆಯಿಂದ ನಿಮ್ಮ ಕೋಣೆಗೆ ದಿನಾ ಐದು ಕಿಲೋಮೀಟರು ನಡೀತೀನಿ. ಬೇಕಾದ್ರೆ ಸರಪಳಿ ತಂದು ಅಳೀರಿ."

ಮಾವ ನಕ್ಕರು. ಆಮೇಲೆ ನೀರಿನ ಲೋಟವನ್ನು ಸ್ವಲ್ಪ ಆಚೆ ಸರಿಸಿ, ಮತ್ತೆ ಈಚೆ ಸರಿಸಿ, ಮೇಜನ್ನೇ ನೋಡುತ್ತ ಹೇಳಿದರು. "ಅಳಿಯಂದಿರು ಪ್ರತಿ ವರ್ಷ ಇದೇ ಮೇಜಿನ ಮೇಲೆ ಲಕೋಟೆ ಬರೀತಾರೆ. ನವೀಕರಣಕ್ಕೆ ಬನ್ನಿ, ಸಂಘಕ್ಕೆ ಬನ್ನಿ ಅಂತ. ನೂರಾ ನಲವತ್ತೆರಡು ಲಕೋಟೆ. ನಾನು ಆ ತುದೀಲಿ ಕೂತು ಪೇಪರ್ ಓದ್ತಾ ಇರ್ತೀನಿ."

"ನಿಮಗೆ ನವೀಕರಣ ಬೇಕಿಲ್ಲ ಮಾವ. ನೀವು ಆಜೀವ ಸದಸ್ಯರು," ಎಂದ ಸೀಲಪ್ಪ. "ನಾಲ್ಕನೇ ನಿಯಮ."

"ಗೊತ್ತು," ಎಂದರು ಮಾವ. "ನಾನೇ ಬರೆದದ್ದು."

ಎದ್ದು ಕೈತೊಳೆಯಲು ಹೋದರು. ಹೆಂಡತಿ ಗಂಡನನ್ನು ನೋಡಿದ ನೋಟಕ್ಕೆ ಯಾವ ನಿಯಮಾವಳಿಯಲ್ಲೂ ಉತ್ತರವಿರಲಿಲ್ಲ.

ಶುಕ್ರವಾರ ಬೆಳಗಾಗುವ ಮೊದಲೇ ನಡಿಗೆ ಮತ್ತೆ ಶುರುವಾಯಿತು. ಮಧ್ಯಾಹ್ನದ ಬಿಸಿಲಿಗೆ ಇಬ್ಬರು ಕೊಡೆ ಹಿಡಿದು ನಡೆದರು. ಒಬ್ಬರು ಗಾಲಿಕುರ್ಚಿಯಲ್ಲಿ ಬಂದಾಗ ಮಾವ ಹಸಿರು ಪುಸ್ತಕವನ್ನು ತೆಗೆಯದೇ, "ಚಕ್ರ ತಿರುಗಿದ್ರೆ ಸಾಕು," ಎಂದು ಎದ್ದುನಿಂತು ಸಹಿ ಹಾಕಿದರು. ನಾಲ್ಕೂಮುಕ್ಕಾಲಿಗೆ ಇಡೀ ದಂಡು ಏದುಸಿರು ಬಿಡುತ್ತ ಕಟ್ಟಡ ವಿಭಾಗದ ಮೆಟ್ಟಿಲು ಹತ್ತಿತು. ಮುಂದೆ ಮಾವ, ಹಿಂದೆ ಫಾರಂಗಳ ಕಟ್ಟು ಹೊತ್ತ ಸೀಲಪ್ಪ.

"ನಲವತ್ತು ಮೇಡಂ," ಎಂದ ಸೀಲಪ್ಪ ಕಟ್ಟನ್ನು ಇಟ್ಟು. "ದಾರೀಲಿ ಎರಡು ಸಲ ಎಣಿಸಿದೀನಿ."

ಮೇಡಂ ಎಣಿಸಿದರು. "ನಿಮ್ಮ ಮಾವನವರ ಕಾರ್ಡು ಒಂದು. ಫಾರಂ ಮೂವತ್ತೆಂಟು. ಒಟ್ಟು ಮೂವತ್ತೊಂಬತ್ತು."

"ಆಗೋದಿಲ್ಲ ಮೇಡಂ. ಇನ್ನೊಂದ್ಸಲ ನೋಡಿ."

ಮೇಡಂ ನೋಡಿದರು. ಫಾರಂಗಳನ್ನಲ್ಲ, ಅವನನ್ನು. "ನೀವು ಫಾರಂ ಎಣಿಸಿದ್ರಾ, ಜನರನ್ನ ಎಣಿಸಿದ್ರಾ?"

"ಜನರನ್ನ."

"ನಿಮ್ಮನ್ನೂ ಸೇರಿಸ್ಕೊಂಡು?"

ಸೀಲಪ್ಪನ ಕಿವಿ ಕೆಂಪಾಯಿತು.

"ಈ ಸಲವೂ ನೀವೇ ಇಲ್ಲ," ಎಂದರು ಮೇಡಂ.

ದರ್ಜಿ ತಲೆಯ ಮೇಲೆ ಕೈಹೊತ್ತು ನೆಲದ ಮೇಲೇ ಕೂತುಬಿಟ್ಟ. "ಅಯ್ಯೋ ಪುಣ್ಯಾತ್ಮ! ಊರವರ ಮದುವೆಗೆಲ್ಲ ಸೂಟು ಹೊಲಿದು ನಾನು ಹರಕಲು ಅಂಗೀಲಿ ಹೋಗೋ ಹಾಗಾಯ್ತಲ್ಲೋ ನಿಂದು!"

ಗಡಿಯಾರದಲ್ಲಿ ಐದಕ್ಕೆ ಒಂಬತ್ತು ನಿಮಿಷ ಇತ್ತು. ದೊಡ್ಡ ಟೀಚರ್ ಒಂದು ಖಾಲಿ ಫಾರಂ ಕಿತ್ತು ಸೀಲಪ್ಪನ ಮುಂದೆ ಬಡಿದರು. "ತುಂಬು! ಅಂಚು ಗಿಂಚು ಬಿಡ್ಬೇಡ, ಹಾಗೇ ತುಂಬು!"

ಸೀಲಪ್ಪ ಪೆನ್ನು ಮುಟ್ಟಲಿಲ್ಲ.

"ಆಗೋದಿಲ್ಲ ಟೀಚರ್. ಹೋದ ವರ್ಷ ಬೇಕರಿಯವರು ತಮ್ಮ ಮನೆಯವರನ್ನೆಲ್ಲ ಸೇರಿಸೋದಕ್ಕೆ ಬಂದಾಗ ಒಂದು ಹೊಸ ನಿಯಮ ಮಾಡಿದ್ವಿ. ಇಪ್ಪತ್ತೊಂದನೇದು. ನೆಂಟರು ನೆಂಟರನ್ನ ಸೂಚಿಸತಕ್ಕದ್ದಲ್ಲ. ಸೂಚಿಸೋ ಅಧಿಕಾರ ಇರೋದು ಮಾವನವರೊಬ್ಬರಿಗೇ. ಅವರು ನನಗೆ ಮಾವ."

"ಯಾರಯ್ಯಾ ಆ ನಿಯಮ ಬರೆದದ್ದು?" ಎಂದು ಡಾಕ್ಟರು ಕೂಗಿದರು.

"ನಾನೇ."

ಆ ಕ್ಷಣದಲ್ಲಿ ಮೂವತ್ತೆಂಟು ಸದಸ್ಯರು, ಎರಡು ದಿನದ ಹಿಂದೆ ಸಾರ್ವಜನಿಕರಾಗಿದ್ದವರು, ಸೀಲಪ್ಪನ ಮೇಲೆ ಏಕಕಾಲಕ್ಕೆ ಬೈಗುಳದ ಮಳೆಗರೆದರು. ಒಬ್ಬರು ಮೇಡಂನೇ ಸದಸ್ಯರಾಗಲಿ ಎಂದರು. ಇನ್ನೊಬ್ಬರು ಹೊರಗೆ ಹೋಗಿ ಯಾರನ್ನಾದರೂ ಹಿಡಿದು ತರುತ್ತೇನೆಂದು ಓಡಿ, ಮೆಟ್ಟಿಲ ಬಳಿ ಕಾಲು ಹಿಡಿದುಕೊಂಡು ನಿಂತು ವಾಪಸ್ಸು ಬಂದರು. ಸೀಲಪ್ಪ ಎಲ್ಲರ ನಡುವೆ, ನೆಟ್ಟ ಗೂಟದ ಹಾಗೆ ನಿಂತಿದ್ದ. ಕೋಣೆ ಹೋಗುತ್ತಿತ್ತು. ಅದೂ ತನ್ನಿಂದಲೇ, ಅದೂ ಎರಡನೇ ಸಲ.

ಮಾವ ಊರುಗೋಲಿನಿಂದ ನೆಲ ಕುಟ್ಟಿದರು. ಸದ್ದು ನಿಂತಿತು.

"ಆ ಇಪ್ಪತ್ತೊಂದನೇ ನಿಯಮ ಮಾಡಿದ್ದು ಯಾವಾಗ?"

"ಹೋದ ವರ್ಷ ಮಾವ."

"ಆವಾಗ ಅಳಿಯಂದಿರು ಸದಸ್ಯರಾಗಿದ್ರಾ?"

"ಇ... ಇರ್ಲಿಲ್ಲ."

"ಅದಕ್ಕೆ ಕೈ ಎತ್ತಿದೋರು ಯಾರಾದ್ರೂ ಸದಸ್ಯರಾಗಿದ್ರಾ?"

"ಯಾರೂ ಇರ್ಲಿಲ್ಲ."

ಮಾವ ಮೇಡಂ ಕಡೆ ತಿರುಗಿದರು. "ಸದಸ್ಯರೇ ಅಲ್ದೋರು ಮಾಡಿದ ನಿಯಮ ನಿಯಮ ಆಗುತ್ತಾ ಮೇಡಂ?"

ಮೇಡಂ ಪುಸ್ತಕ ನೋಡಲಿಲ್ಲ. ಈ ಎರಡು ದಿನದಲ್ಲಿ ಅವರಿಗೆ ಅದು ಬಾಯಿಪಾಠವಾಗಿತ್ತು. ಸ್ವಲ್ಪ ಹೊತ್ತು ಮೇಲೆ ನೋಡಿ ಒಂದೊಂದೇ ಮೆಟ್ಟಿಲು ಇಳಿದುಬರುವವರಂತೆ ಯೋಚಿಸಿದರು. ಅವರ ತುಟಿಯ ತುದಿಯಲ್ಲಿ ನಗು ಕಾಣಿಸಿತು. "ಆಗೋದಿಲ್ಲ. ಆ ನಿಯಮ ಹುಟ್ಟೇ ಇಲ್ಲ."

"ತುಂಬಿ," ಎಂದರು ಮಾವ.

ಸೀಲಪ್ಪ ತುಂಬಿದ. ಅಷ್ಟು ಕೆಟ್ಟ ಅಕ್ಷರ ಅವನ ಕೈಯಿಂದ ಎಂದೂ ಬಿದ್ದಿರಲಿಲ್ಲ. ಡಾಕ್ಟರು ಫಾರಂ ಕಿತ್ತು ಮಾವನ ಮುಂದಿಟ್ಟರು.

"ಇವರು ನಡೆದದ್ದು ನೀವು ಕಣ್ಣಲ್ಲಿ ನೋಡಿದೀರಾ?" ಎಂದರು ಮೇಡಂ.

"ಎಲ್ಲಾ ತಂಡದ ಜೊತೆಗೂ ಕಾವಲಿಗೆ ಹೋಗಿದ್ದು ಇವರೇ. ಹದಿನಾಲ್ಕು ಸುತ್ತು. ಐದು ಕಿಲೋಮೀಟರು ನಾನೂರ ಮೂವತ್ತೆರಡು ಮೀಟರು," ಎಂದರು ಮಾವ, ಸಹಿ ಹಾಕುತ್ತ. ಅರ್ಜಿದಾರರನ್ನು ಎಷ್ಟು ವರ್ಷದಿಂದ ಬಲ್ಲಿರಿ ಎಂಬಲ್ಲಿ ಇಪ್ಪತ್ತಮೂರು ಎಂದು ಬರೆದರು. ಮುಂದಿನ ಸಾಲು, 'ಅರ್ಜಿದಾರರ ಬಗ್ಗೆ ಸೂಚಕರ ಅಭಿಪ್ರಾಯ'. ಉಳಿದ ಮೂವತ್ತೆಂಟರಲ್ಲಿ ಅವರು ಅಲ್ಲಿ 'ಪರವಾಗಿಲ್ಲ' ಎಂದು ಗೀಚಿ ಮುಂದೆ ಹೋಗಿದ್ದರು. ಇಲ್ಲಿ ಪೆನ್ನು ನಿಂತಿತು.

"ನಾಲ್ಕು ನಿಮಿಷ ಇದೆ ಸಾರ್," ಎಂದರು ಡಾಕ್ಟರು.

ಮಾವ ಎಡಗೈ ಅಡ್ಡ ಹಿಡಿದು, ಪರೀಕ್ಷೆಯಲ್ಲಿ ಪಕ್ಕದವನು ನೋಡಿಯಾನೆಂದು ಹೆದರುವ ಹುಡುಗರ ಹಾಗೆ, ಬರೆಯತೊಡಗಿದರು. ಬರೆದರು, ನಿಲ್ಲಿಸಿದರು, ಮತ್ತೆ ಬರೆದರು. ಮೂರು ನಿಮಿಷ. ಎರಡು. ದೊಡ್ಡ ಟೀಚರ್ ಕಣ್ಣು ಮುಚ್ಚಿಕೊಂಡರು. ಐದಕ್ಕೆ ಒಂದು ನಿಮಿಷವಿದೆ ಎನ್ನುವಾಗ ಫಾರಂ ಮೇಜಿನಾಚೆ ಹೋಯಿತು. ಮೇಡಂ ಓದಿದರು, ಕಚೇರಿಯವರು ಓದುವ ಹಾಗೆ, ಗಟ್ಟಿಯಾಗಿ, ಏರಿಳಿತವಿಲ್ಲದೆ.

"'ಒಳ್ಳೆಯವನು. ಕೇಳಿದ್ದಕ್ಕಿಂತ ಹೆಚ್ಚು ಹೇಳುತ್ತಾನೆ. ಹೇಳಬೇಕಾದ್ದನ್ನು ಹೇಳುವುದಿಲ್ಲ. ಆದರೂ ಇವನನ್ನು ಸೇರಿಸಿಕೊಳ್ಳಬೇಕೆಂದು ಕೋರುತ್ತೇನೆ.' ಇಷ್ಟೇನಾ ಸಾರ್?"

"ಇಷ್ಟೇ."

ಮೇಡಂ ಫಾರಂ ಮೇಲೆ ಕಚೇರಿಯ ಮೊಹರು ಒತ್ತಿದರು. ನಲವತ್ತಾಯಿತು. ಜನ ಚಪ್ಪಾಳೆ ತಟ್ಟಿದರು. ದರ್ಜಿ ಎದ್ದು ಡಾಕ್ಟರನ್ನು ತಬ್ಬಿಕೊಂಡ. ಎಲ್ಲರೂ ಕುಂಟುತ್ತ ಮೆಟ್ಟಿಲಿಳಿಯತೊಡಗಿದರು. ದೊಡ್ಡ ಟೀಚರ್ ಕಿಟಕಿ ಪಕ್ಕದ ಕುರ್ಚಿಯ ಬಗ್ಗೆ ಡಾಕ್ಟರನ್ನು ಹಿಡಿದುಕೊಂಡಿದ್ದರು.

ಸೀಲಪ್ಪ ಮತ್ತು ಮಾವ ಹಿಂದೆ ಉಳಿದರು. ಮಾವ ಕೋಲು ಹುಡುಕುತ್ತಿದ್ದರು. ಅದು ಅವರ ಕೈಯಲ್ಲೇ ಇತ್ತು. ಸೀಲಪ್ಪ ಕೆಮ್ಮಿದ. ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಹಾಕಿದ. ಎರಡೂ ನೋಯುತ್ತಿದ್ದವು.

"ಮಾವ."

"ಹೇಳಿ."

"ನಾಳೆ ಬೆಳಿಗ್ಗೆ... ಆರು ಗಂಟೆಗೆ. ಸಂಘಕ್ಕೆ. ನೀವು ಬನ್ನಿ."

ಮಾವ ಗೋಡೆಯ ಕಡೆ ನೋಡಿದರು. ಅಲ್ಲಿ ನೋಡುವಂಥದ್ದೇನೂ ಇರಲಿಲ್ಲ.

"ಆರಕ್ಕೆ ಬಿಸಿಲು ಬಂದುಬಿಡುತ್ತೆ," ಎಂದರು ಕೊನೆಗೆ, ಮೆಟ್ಟಿಲ ಕಡೆ ತಿರುಗಿ, ಅವನ ಭುಜದ ಮೇಲೆ ಕೈಯೂರುತ್ತ. "ಐದೂವರೆಗೇ ಎಬ್ಬಿಸೋ."